ಕಮ್ಮಾರ ಬಾಗಿಲು ಮೀಟಿದ ರಾತ್ರಿ

ನಮ್ಮ ದಂಡ ಕಾನೂನಿನೊಳಗೆ ಒಬ್ಬ ಕಮ್ಮಾರನಿದ್ದಾನೆ. ಹೆಸರಿಲ್ಲ, ಊರಿಲ್ಲ. ಡಕಾಯಿತರ ಗುಂಪೊಂದು ಅವನನ್ನು ಹಿಡಿದು, ಅವನದೇ ಹತಾರಗಳನ್ನು ಅವನ ಕೈಗೆ ಕೊಟ್ಟು, ಯಾರದೋ ಮನೆಯ ಮುಂದೆ ತಂದು ನಿಲ್ಲಿಸಿದೆ. ಬಾಗಿಲು ಮೀಟು, ಇಲ್ಲವೆಂದರೆ ಇಲ್ಲೇ ಹೆಣವಾಗುತ್ತೀಯ. ಅವನು ಮೀಟುತ್ತಾನೆ. ಗುಂಪು ಒಳಗೆ ನುಗ್ಗಿ ಮನೆ ದೋಚುತ್ತದೆ. ಇದು ರಾತ್ರಿ ನಡೆಯಿತೆಂದು ಕಾನೂನು ಎಲ್ಲೂ ಹೇಳಿಲ್ಲ, ಆದರೆ ಓದಿದಾಗಲೆಲ್ಲ ನನಗೆ ಕಾಣುವುದು ರಾತ್ರಿಯೇ. ಕಮ್ಮಾರ ಅಪರಾಧಿಯೇ? ಅಲ್ಲ ಎನ್ನುತ್ತದೆ 1860ರ ಭಾರತೀಯ ದಂಡ ಸಂಹಿತೆಯ 94ನೇ ಕಲಮಿನ ಎರಡನೇ ವಿವರಣೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ 94 ಹೋಗಿ 32 ಆಯಿತು. ಕಮ್ಮಾರ ಮಾತ್ರ ಅದೇ ಹತಾರ ಹಿಡಿದು ಅದೇ ಬಾಗಿಲ ಮುಂದೆ ನಿಂತೇ ಇದ್ದಾನೆ.

ಈ ರಕ್ಷಣೆಯನ್ನು ವಕೀಲರು ಡ್ಯೂರೆಸ್ ಎನ್ನುತ್ತಾರೆ. ಕನ್ನಡದಲ್ಲಿ ಬಲವಂತ ಎಂದುಬಿಟ್ಟರೆ ಸಾಲದು. ನಮ್ಮಲ್ಲಿ ಇನ್ನೊಂದು ಹೋಳಿಗೆ ಬಡಿಸುವುದೂ ಬಲವಂತವೇ. ಜೀವಬೆದರಿಕೆಯ ಬಲವಂತ ಎಂದು ಬಿಡಿಸಿಯೇ ಹೇಳಬೇಕು. ಕಲಮಿನ ಮಾತು ಬಹಳ ಬಿಗಿ. ಬೆದರಿಕೆ ಸಾವಿನದೇ ಆಗಿರಬೇಕು. ಕೈಕಾಲು ಮುರಿಯುತ್ತೇನೆ, ಮನೆಗೆ ಬೆಂಕಿ ಇಡುತ್ತೇನೆ ಎಂದರೆ ನಡೆಯುವುದಿಲ್ಲ. ಸಾವು ಆ ಕ್ಷಣದ್ದಾಗಿರಬೇಕು. ನಾಳೆ ನೋಡಿಕೊಳ್ಳುತ್ತೇನೆ ಎಂಬುದು ಲೆಕ್ಕಕ್ಕಿಲ್ಲ. ಸಾಯಬೇಕಾದವನೂ ಅವನೇ ಆಗಿರಬೇಕು. ಮಗುವಿನ ಕುತ್ತಿಗೆಗೆ ಚಾಕು ಹಿಡಿದು ತಾಯಿಯ ಕೈಯಲ್ಲಿ ಕಳ್ಳತನ ಮಾಡಿಸಿದರೆ, ಕಲಮನ್ನು ಅಕ್ಷರಶಃ ಓದುವ ನ್ಯಾಯಾಧೀಶರ ಮುಂದೆ ಆ ತಾಯಿಗೆ ಇದರ ಆಸರೆಯಿಲ್ಲ. ಇಂಗ್ಲೆಂಡಿನ ಕಾನೂನು ಈ ವಿಷಯದಲ್ಲಿ ನಮ್ಮದಕ್ಕಿಂತ ಉದಾರ. ಅಲ್ಲಿ ಮನೆಯವರ ಜೀವಕ್ಕೆ ಬಂದ ಬೆದರಿಕೆಗೂ ಬೆಲೆಯಿದೆ, ಸಾವಲ್ಲದೆ ಗಂಭೀರ ಗಾಯದ ಬೆದರಿಕೆಗೂ ಇದೆ. ಇನ್ನು ಕೊಲೆಗೆ, ಪ್ರಭುತ್ವದ ವಿರುದ್ಧ ಎಸಗಿದ ಮರಣದಂಡನೆಯ ಅಪರಾಧಗಳಿಗೆ ನಮ್ಮ ಕಲಮು ಮೊದಲ ಸಾಲಿನಲ್ಲೇ ಬಾಗಿಲು ಹಾಕಿದೆ.

ಆ ಕ್ಷಣದ ಸಾವು ಎಂಬ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

2007ರಲ್ಲಿ ಡೀನ್ ಮಾಬ್ಸ್ ಮತ್ತು ಲಂಡನ್ನಿನ ಅವರ ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಎಂಆರ್‌ಐ ಯಂತ್ರದೊಳಗೆ ಮಲಗಿದವರ ಕೈಗೆ ಒಂದು ಕಂಪ್ಯೂಟರ್ ಆಟ ಕೊಟ್ಟಿದ್ದರು. ಹಳೆಯ ಪ್ಯಾಕ್‌ಮ್ಯಾನ್ ಆಡಿದವರಿಗೆ ಗುರುತು ಸಿಗುತ್ತದೆ: ಒಂದು ಚಕ್ರವ್ಯೂಹ, ಅದರೊಳಗೆ ನೀವು, ನಿಮ್ಮ ಬೆನ್ನುಹತ್ತಿದ ಒಂದು ಬೇಟೆಗಾರ ಚುಕ್ಕೆ. ಅದು ಹಿಡಿದರೆ ಪರದೆಯ ಮೇಲೆ ಸೋಲುವುದಷ್ಟೇ ಅಲ್ಲ, ಕೈಗೆ ನಿಜವಾದ ವಿದ್ಯುತ್ ಶಾಕ್. ಬೇಟೆಗಾರ ದೂರದಲ್ಲಿದ್ದಾಗ ಆಟಗಾರರ ಹಣೆಯ ಹಿಂದಿನ ಮಿದುಳು, ಅಂದರೆ ಲೆಕ್ಕ ಹಾಕುವ, ದಾರಿ ಹುಡುಕುವ ಪ್ರೀಫ್ರಂಟಲ್ ಭಾಗ, ಚುರುಕಾಗಿತ್ತು. ಚುಕ್ಕೆ ಹತ್ತಿರ ಹತ್ತಿರ ಬಂದಂತೆ ಚಟುವಟಿಕೆ ಅಲ್ಲಿಂದ ಸರಿದು ಮಿದುಳಿನ ಬುಡದ ಕಡೆಗೆ, ಪೆರಿಅಕ್ವಡಕ್ಟಲ್ ಗ್ರೇ ಎಂಬ ಪುಟ್ಟ ಜಾಗಕ್ಕೆ, ಇಳಿಯಿತು. ಪ್ರಾಣಿಗಳಲ್ಲಿ ಈ ಜಾಗವನ್ನು ಕೆಣಕಿದರೆ ಅವು ಕಲ್ಲಿನಂತೆ ನಿಂತುಬಿಡುತ್ತವೆ, ಇಲ್ಲವೇ ದಿಕ್ಕೆಟ್ಟು ಓಡುತ್ತವೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಇದರ ರಸಾಯನವನ್ನು ವರ್ಷಗಟ್ಟಲೆ ಹುಡುಕಿದವರು. ತೀವ್ರ ಒತ್ತಡದಲ್ಲಿ ನಾರ್‌ಅಡ್ರಿನಲಿನ್, ಡೋಪಮಿನ್ ಉಕ್ಕಿ ಬಂದಾಗ ಮೊದಲು ಸಡಿಲವಾಗುವುದು ಇದೇ ಪ್ರೀಫ್ರಂಟಲ್ ಭಾಗದ ನರಜಾಲ ಎಂದು ಅವರ ಕೆಲಸ ತೋರಿಸಿದೆ.

ಹತ್ತಿರದ ಭಯವೂ ದೂರದ ಭಯವೂ ಒಂದೇ ಭಯದ ಹೆಚ್ಚುಕಡಿಮೆ ಅಲ್ಲ ಎಂದಾಯಿತು. ಅವು ಮಿದುಳಿನ ಬೇರೆ ಬೇರೆ ಓಣಿಗಳಲ್ಲಿ ಓಡಾಡುತ್ತವೆ. 1860ರ ಕಾನೂನು ಬರೆದವರ ಬಳಿ ಯಾವ ಯಂತ್ರವೂ ಇರಲಿಲ್ಲ. ಆದರೂ ಅವರು ಎಳೆದ ಗೆರೆ ಮಿದುಳಿನ ಗೆರೆಯ ಆಸುಪಾಸಿನಲ್ಲೇ ಬಿದ್ದಿದೆ. ಕತ್ತಿ ಕೊರಳಿಗೆ ತಾಗಿದಾಗ ಮನುಷ್ಯ ಲೆಕ್ಕ ಹಾಕುವುದಿಲ್ಲ, ದೂರದಲ್ಲಿದ್ದಾಗ ಹಾಕುತ್ತಾನೆ; ಲೆಕ್ಕ ಹಾಕಬಲ್ಲವನು ಪೊಲೀಸರ ಬಳಿ ಹೋಗಬಹುದಿತ್ತು. ಕಲಮಿನ ತರ್ಕ ಇಷ್ಟೇ.

ತರ್ಕವೇನೋ ಸರಿ. ಆದರೆ ಲೆಕ್ಕ ಹಾಕಿದ ಮೇಲೂ ಉತ್ತರ ಸಾವೇ ಬಂದರೆ? ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ ಹದಿನೇಳು, ಹತ್ತೊಂಬತ್ತರ ಇಬ್ಬರು ಹುಡುಗಿಯರು ಪಬ್ಬೊಂದರ ಹೊಡೆದಾಟವನ್ನು ಕಣ್ಣಾರೆ ಕಂಡಿದ್ದರು. ಸಾಕ್ಷಿ ಹೇಳಿದರೆ ಚಾಕುವಿನಿಂದ ಸೀಳುತ್ತೇವೆ ಎಂದು ಆರೋಪಿಯ ಕಡೆಯವರು ಹೆದರಿಸಿದ್ದರು. ಸಾಕ್ಷಿಕಟ್ಟೆ ಹತ್ತಿದಾಗ, ಹೆದರಿಸಿದವರಲ್ಲಿ ಒಬ್ಬ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದುದು ಕಣ್ಣಿಗೆ ಬಿತ್ತು. ಇಬ್ಬರೂ ಸುಳ್ಳು ಹೇಳಿದರು, ಸುಳ್ಳುಸಾಕ್ಷ್ಯದ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದರು. ಸುತ್ತಲೂ ಪೊಲೀಸರು, ಎದುರಿಗೆ ನ್ಯಾಯಾಧೀಶರು. ಕೋರ್ಟಿನೊಳಗೆ ಯಾರು ಕೊಲ್ಲುತ್ತಾರೆ ಎಂದು ಕೆಳಗಿನ ನ್ಯಾಯಾಲಯ ರಕ್ಷಣೆಯನ್ನೇ ಜ್ಯೂರಿಯ ಮುಂದಿಡಲಿಲ್ಲ. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಹುಡುಗಿಯರ ಕಡೆ ವಾಲಿತು: ಆ ಬೆದರಿಕೆ ಕೋರ್ಟಿನಲ್ಲಿ ನಡೆಯದಿದ್ದರೇನು, ಅದೇ ರಾತ್ರಿ ಊರ ಬೀದಿಯಲ್ಲಿ ನಡೆಯಬಹುದಿತ್ತಲ್ಲ. ಮೂವತ್ತನಾಲ್ಕು ವರ್ಷಗಳ ನಂತರ, 2005ರ ಹಸನ್ ಪ್ರಕರಣದಲ್ಲಿ, ಅಂದಿನ ಸರ್ವೋಚ್ಚ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಲಾರ್ಡ್ ಬಿಂಗಮ್ ಈ ಉದಾರತೆ ಅತಿಯಾಯಿತು ಎಂದು ಹಗ್ಗ ಮತ್ತೆ ಬಿಗಿದರು. ನಮ್ಮ ಕಲಮಿನಡಿ ಆ ಹುಡುಗಿಯರ ವಾದ ಮೊದಲ ಮೆಟ್ಟಿಲಲ್ಲೇ ಬೀಳುತ್ತಿತ್ತು.

ದೂರದ ಭಯಕ್ಕೂ ಇನ್ನೊಂದು ಮುಖವಿದೆ: ದಿನವೂ ಇರುವ ಭಯ. ವರ್ಷಗಟ್ಟಲೆ ಗಂಡನ ಹೊಡೆತ ತಿಂದು, ಕೊನೆಗೆ ಅವನು ಹೇಳಿದ ಪೊಟ್ಟಣ ಸಾಗಿಸಿದ ಹೆಂಗಸನ್ನು, ಮನೆ ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವುದು ಸುಲಭ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಇಲ್ಲಿ ನೆರವಿಗೆ ಬಂತು. ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು, ಆಮೇಲೆ ತಪ್ಪಿಸಿಕೊಳ್ಳುವ ದಾರಿಯಿದ್ದರೂ ಎದ್ದು ಹಾರಲಿಲ್ಲ. ಕಲಿತ ಅಸಹಾಯಕತೆ ಎಂಬ ಈ ಹೆಸರನ್ನು ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರ ಹೊತ್ತಿಗೆ ಹೊಡೆತ ತಿನ್ನುವ ಹೆಂಗಸರಿಗೆ ಅನ್ವಯಿಸಿದರು, ಅಲ್ಲಿಂದ ಅದು ಕೋರ್ಟುಗಳಿಗೆ ನಡೆದುಬಂತು. ಸ್ವಾರಸ್ಯವೆಂದರೆ ಮೇಯರ್ ಮತ್ತು ಸೆಲಿಗ್‌ಮನ್ ಅರ್ಧ ಶತಮಾನದ ನಂತರ, 2016ರಲ್ಲಿ, ತಮ್ಮದೇ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ಅಸಹಾಯಕತೆ ಕಲಿತು ಬರುವುದಲ್ಲ. ನೋವು ಎಡೆಬಿಡದೆ ಬಿದ್ದಾಗ ಸುಮ್ಮನೆ ಮುದುಡಿಕೊಳ್ಳುವುದು ಮಿದುಳಿನ ಹುಟ್ಟುಗುಣ. ಕಲಿಯಬೇಕಾದದ್ದು ಇದು ನನ್ನ ಕೈಯಲ್ಲಿದೆ ಎಂಬ ನಂಬಿಕೆಯನ್ನು. ಆ ಪಾಠ ಸಿಕ್ಕಾಗ ಪ್ರೀಫ್ರಂಟಲ್ ಭಾಗ ಕೆಳಗಿನ ಮುದುಡುವಿಕೆಗೆ ಕಡಿವಾಣ ಹಾಕುತ್ತದೆ. ಏಕೆ ಬಿಟ್ಟು ಹೋಗಲಿಲ್ಲ ಎಂಬ ಪ್ರಶ್ನೆ ಇಲ್ಲಿಗೆ ಮಗುಚಿ ಬೀಳುತ್ತದೆ. ಹೋಗಬಹುದು ಎಂದು ಅವಳಿಗೆ ಯಾರು, ಯಾವಾಗ ತೋರಿಸಿಕೊಟ್ಟಿದ್ದರು?

ಇಷ್ಟು ಓದಿದವರಿಗೆ, ಬೆದರಿದವನ ಇಚ್ಛೆ ಸತ್ತೇ ಹೋಗಿರುತ್ತದೆ, ಕೈ ಮಾತ್ರ ಆಡುತ್ತದೆ ಎಂದು ಅನ್ನಿಸಬಹುದು. 2016ರಲ್ಲೇ ಬಂದ ಇನ್ನೊಂದು ಪ್ರಯೋಗವನ್ನು ಪತ್ರಿಕೆಗಳು ಹಾಗೆಯೇ ಓದಿದವು. ಬ್ರಸೆಲ್ಸ್‌ನ ಎಮಿಲಿ ಕ್ಯಾಸ್ಪರ್ ಮತ್ತು ಲಂಡನ್ನಿನ ಪ್ಯಾಟ್ರಿಕ್ ಹ್ಯಾಗರ್ಡ್ ಸೇರಿ ಮಾಡಿದ್ದು. ಇಬ್ಬರು ಹೆಂಗಸರು ಎದುರುಬದುರು ಕೂರುತ್ತಾರೆ. ಒಬ್ಬಾಕೆ ಗುಂಡಿ ಒತ್ತಿದರೆ ಎದುರಿನಾಕೆಗೆ ಶಾಕ್, ಒತ್ತಿದವಳಿಗೆ ಐದು ಪೆನ್ನಿ. ಒಮ್ಮೆ ಅವಳ ಇಷ್ಟಕ್ಕೇ ಬಿಡುತ್ತಾರೆ, ಇನ್ನೊಮ್ಮೆ ಪಕ್ಕದಲ್ಲಿ ನಿಂತ ಸಂಶೋಧಕಿ ಒತ್ತು ಎಂದು ಆಜ್ಞೆ ಮಾಡುತ್ತಾರೆ. ಗುಂಡಿ ಒತ್ತಿದ ಮೇಲೆ ಸೆಕೆಂಡಿನ ಒಂದು ಪಾಲು ಕಳೆದು ಒಂದು ಸದ್ದು ಕೇಳುತ್ತದೆ; ಒತ್ತಿದ್ದಕ್ಕೂ ಸದ್ದಿಗೂ ನಡುವೆ ಎಷ್ಟು ಹೊತ್ತಾಯಿತು ಎಂದು ಆಕೆ ಅಂದಾಜು ಹೇಳಬೇಕು. ನಾವು ಮನಸಾರೆ ಮಾಡಿದ ಕೆಲಸಕ್ಕೂ ಅದರ ಫಲಕ್ಕೂ ನಡುವಿನ ಅಂತರ ನಮಗೆ ಇದ್ದುದಕ್ಕಿಂತ ಕಿರಿದಾಗಿ ತೋರುತ್ತದೆ, ಇದು ಮೊದಲೇ ಗೊತ್ತಿದ್ದ ಸಂಗತಿ. ಆಜ್ಞೆಯ ಮೇರೆಗೆ ಒತ್ತಿದಾಗ ಅದೇ ಅಂತರ ಹಿಗ್ಗಿತು. ಸದ್ದಿಗೆ ಮಿದುಳು ಕೊಡುವ ವಿದ್ಯುತ್ ಪ್ರತಿಕ್ರಿಯೆಯೂ ಕುಗ್ಗಿತು. ನಾನು ಮಾಡಿದೆ ಎಂಬ ಭಾವ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತೆಳುವಾಗಿತ್ತು.

ಸೊಗಸಾದ ಪ್ರಯೋಗ. ಆದರೆ ಅಲ್ಲಿ ಯಾರ ತಲೆಗೂ ಪಿಸ್ತೂಲು ಹಿಡಿದಿರಲಿಲ್ಲ. ಆಜ್ಞೆ ಇತ್ತು, ಬೆದರಿಕೆ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಕಾನೂನು ಕೇಳುವ ಪ್ರಶ್ನೆಯೇ ಬೇರೆ. ಇಚ್ಛೆ ಸತ್ತಿತ್ತೇ ಎಂದು ಕಾನೂನು ಕೇಳುವುದಿಲ್ಲ. ಕಮ್ಮಾರನಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತು. ಯಾವ ಸಂದಿಗೆ ಉಳಿ ಹಾಕಿದರೆ ಅಗುಳಿ ಎದ್ದುಬರುತ್ತದೆಂದು ನೋಡಿ, ಕೈಚಳಕ ತೋರಿಸಿಯೇ ಅವನು ಬಾಗಿಲು ತೆಗೆದದ್ದು. ಎರಡು ಕೆಡುಕುಗಳ ನಡುವೆ ಆರಿಸಿಕೊಂಡಿದ್ದಾನೆ, ಮನಸ್ಸಿಟ್ಟೇ ಆರಿಸಿಕೊಂಡಿದ್ದಾನೆ. ಅವನ ಜಾಗದಲ್ಲಿ ನಿಂತ ಸಾಮಾನ್ಯನೊಬ್ಬನಿಂದ ಬೇರೇನನ್ನು ನಿರೀಕ್ಷಿಸಬಹುದಿತ್ತು ಎಂಬುದು ಕಾನೂನಿನ ಪ್ರಶ್ನೆ. ಮಿದುಳನ್ನು ಎಷ್ಟು ಅಳೆದರೂ ಇದಕ್ಕೆ ಉತ್ತರ ಸಿಗುವುದಿಲ್ಲ, ಏಕೆಂದರೆ ಪ್ರಶ್ನೆ ಇರುವುದು ಅವನ ತಲೆಯೊಳಗಲ್ಲ, ನಮ್ಮ ನಿರೀಕ್ಷೆಯಲ್ಲಿ.

ಆ ನಿರೀಕ್ಷೆಗೆ ಇಂಗ್ಲೆಂಡ್ ಒಂದು ಆಳುರೂಪ ಕೊಟ್ಟಿದೆ. 1982ರ ಗ್ರಹಾಂ ಪ್ರಕರಣದಿಂದೀಚೆಗೆ ಜ್ಯೂರಿ ಆರೋಪಿಯ ಪಕ್ಕದಲ್ಲಿ ಕಾಲ್ಪನಿಕನೊಬ್ಬನನ್ನು ನಿಲ್ಲಿಸಿ ನೋಡಬೇಕು: ಕುಡಿಯದವನು, ಸಾಧಾರಣ ಎದೆಗಾರಿಕೆ ಉಳ್ಳವನು. ಅವನೂ ಮಣಿಯುತ್ತಿದ್ದನೇ? ಈ ಮನುಷ್ಯನನ್ನು ಯಾವ ಪ್ರಯೋಗಾಲಯವೂ ಕಂಡಿಲ್ಲ. ಆರೋಪಿಯ ವಯಸ್ಸು, ಲಿಂಗ, ಬಸಿರು, ಅಂಗವೈಕಲ್ಯ, ವೈದ್ಯರು ಒಪ್ಪುವ ಮನೋರೋಗ ಇವನ್ನು ಅವನಿಗೂ ತೊಡಿಸಬಹುದು. ಆದರೆ 1996ರ ಬೋವೆನ್ ಪ್ರಕರಣದಲ್ಲಿ, ಬುದ್ಧಿಮಾಪನದಲ್ಲಿ 68 ಅಂಕ ಪಡೆದ ಆರೋಪಿಯ ಮಂದಬುದ್ಧಿಯನ್ನು ತೊಡಿಸಲಾಗದು ಎಂದಿತು ನ್ಯಾಯಾಲಯ. ಬುದ್ಧಿ ಕಡಿಮೆ ಎಂದ ಮಾತ್ರಕ್ಕೆ ಧೈರ್ಯ ಕಡಿಮೆ ಎಂದಾಗುವುದಿಲ್ಲವಂತೆ. ಧೈರ್ಯದ ಮಾತು ಸರಿಯೇ. ಆದರೆ ಬೆದರಿಕೆಯಿಂದ ನುಣುಚಿಕೊಳ್ಳುವ ದಾರಿ ಹುಡುಕಲು ಬೇಕಾದದ್ದು ಬುದ್ಧಿಯೇ ಅಲ್ಲವೇ? ಈ ತೀರ್ಪು ನನಗೆ ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಕೊಲೆಯ ವಿಷಯಕ್ಕೆ ಬಂದರೆ ನಿರೀಕ್ಷೆ ಒಮ್ಮೆಲೇ ಆಕಾಶಕ್ಕೇರುತ್ತದೆ. 1972ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಬಂದೂಕುಧಾರಿಗಳ ಆಜ್ಞೆಗೆ ಹೆದರಿ ಕಾರು ಓಡಿಸಿದ ಲಿಂಚ್‌ನಿಗೆ, ಆ ಕಾರಿನಲ್ಲಿ ಹೋದವರು ಪೊಲೀಸನೊಬ್ಬನನ್ನು ಕೊಂದಿದ್ದರೂ, ಈ ರಕ್ಷಣೆ ಸಿಗಬಹುದು ಎಂದು 1975ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡರಿಂದ ಹೇಳಿತು. 1987ರ ಹೋವ್ ಪ್ರಕರಣದಲ್ಲಿ ಅದೇ ಹೌಸ್ ಅದನ್ನು ಹಿಂತೆಗೆದುಕೊಂಡಿತು: ಮುಗ್ಧನ ಜೀವ ತೆಗೆಯುವ ಬದಲು ನಿನ್ನ ಜೀವ ಕೊಡು. 1992ರಲ್ಲಿ ಕೊಲೆಯತ್ನಕ್ಕೂ ಇದೇ ಕಟ್ಟಳೆ ಬಂತು. ಆ ಪ್ರಕರಣದ ಆರೋಪಿ ಹದಿನಾರರ ಹುಡುಗ; ಅಮ್ಮನನ್ನು ಕೊಲ್ಲದಿದ್ದರೆ ನಿನಗೆ ಗುಂಡು ಹಾರಿಸುತ್ತೇನೆ ಎಂದು ಹೆದರಿಸಿದವನು ಸ್ವಂತ ಅಪ್ಪ. ತಾಯಿ ಬದುಕಿಕೊಂಡಳು. ಹುಡುಗ ತಪ್ಪಿತಸ್ಥನೆಂದು ಬರೆದ ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸದೆ ಪ್ರೊಬೇಷನ್ ಮೇಲೆ ಬಿಟ್ಟಿತು. ತೀರ್ಪಿನಲ್ಲಿ ಮುಚ್ಚಿದ ಬಾಗಿಲು ಶಿಕ್ಷೆಯಲ್ಲಿ ಕೊಂಚ ತೆರೆಯುವುದು ಹೀಗೆ.

ಈ ಇಡೀ ಪ್ರಶ್ನೆ ಬೆತ್ತಲಾಗಿ ನಿಂತದ್ದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ. ದ್ರಾಜೆನ್ ಎರ್ದೆಮೊವಿಚ್ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ, ಬೋಸ್ನಿಯಾದ ಸರ್ಬ್ ಸೇನೆಯ ತುಕಡಿಯೊಂದರಲ್ಲಿದ್ದ ಕ್ರೊಯಾಟ್ ಜನಾಂಗದವನು. ಹೆಂಡತಿ, ಪುಟ್ಟ ಮಗು. 1995ರ ಜುಲೈ 16ರಂದು, ಸ್ರೆಬ್ರೆನಿತ್ಸಾ ಪಟ್ಟಣ ಆ ಸೇನೆಯ ಕೈಗೆ ಬಿದ್ದ ಕೆಲವು ದಿನಗಳಲ್ಲೇ, ಅವನ ತುಕಡಿಯನ್ನು ಪಿಲಿತ್ಸಾ ಬಳಿಯ ಹೊಲಮನೆಯೊಂದಕ್ಕೆ ಕರೆದೊಯ್ದರು. ಬಸ್ಸುಗಳು ಬರತೊಡಗಿದವು. ಒಳಗೆ ಬೋಸ್ನಿಯಾದ ಮುಸ್ಲಿಂ ಗಂಡಸರು. ಹತ್ತು ಹತ್ತು ಮಂದಿಯನ್ನು ಇಳಿಸಿ, ಬೆನ್ನು ಮಾಡಿಸಿ ನಿಲ್ಲಿಸಿ ಗುಂಡಿಕ್ಕಬೇಕು. ನಾನು ಆಗುವುದಿಲ್ಲ ಎಂದೆ, ಕನಿಕರವಿದ್ದರೆ ನೀನೂ ಅವರ ಸಾಲಿನಲ್ಲಿ ನಿಲ್ಲು ಎಂಬ ಉತ್ತರ ಬಂತು ಎಂದು ಅವನು ಹೇಳಿದ. ಅವನು ಗುಂಡಿಕ್ಕಿದ. ಬಸ್ಸು ಹೋಗಿ ಬಸ್ಸು ಬಂತು. ಅಂದು ಅಲ್ಲಿ ಸತ್ತವರು ಸುಮಾರು 1,200. ತನ್ನ ಕೈಯಿಂದ ಎಪ್ಪತ್ತರಷ್ಟು ಜನ ಸತ್ತಿರಬಹುದು ಎಂದು ಅವನ ಅಂದಾಜು. ಅದೇ ದಿನ ಪಕ್ಕದೂರಿನ ಕಟ್ಟಡವೊಂದರಲ್ಲಿ ಇನ್ನೂ ಐನೂರು ಮಂದಿಯನ್ನು ಕೊಲ್ಲಬೇಕೆಂದಾಗ ಅವನೂ ಕೆಲವು ಸಂಗಡಿಗರೂ ಒಲ್ಲೆವೆಂದರು. ಆ ಸಲ ಅವರನ್ನು ಯಾರೂ ಸಾಲಿನಲ್ಲಿ ನಿಲ್ಲಿಸಲಿಲ್ಲ.

ಈ ಕೊನೆಯ ವಿವರದ ಮುಂದೆ ನಾನು ಪ್ರತಿಸಲ ತಡವರಿಸುತ್ತೇನೆ. ಬೆಳಿಗ್ಗೆಯೂ ಗಟ್ಟಿಯಾಗಿ ಒಲ್ಲೆನೆಂದಿದ್ದರೆ ಬದುಕುತ್ತಿದ್ದನೇ? ಅಥವಾ ಐದು ಗಂಟೆ ಕೊಂದು ದಣಿದವನಿಗೆ ಮಾತ್ರ ಆ ನಿರಾಕರಣೆಯ ರಿಯಾಯಿತಿ ಸಿಕ್ಕಿತೇ?

ಅವನ ಪಾತ್ರ ಹೊರಬಿದ್ದದ್ದು ಅವನೇ ಬಾಯಿಬಿಟ್ಟಿದ್ದರಿಂದ. 1996ರ ಮೇ 31ರಂದು ತಪ್ಪೊಪ್ಪಿಕೊಂಡ. ಆಘಾತೋತ್ತರ ಒತ್ತಡದ ಕಾಯಿಲೆ ತೀವ್ರವಾಗಿದೆ, ಸದ್ಯಕ್ಕೆ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಎಂದು ವೈದ್ಯರು ವರದಿ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾಯಿತು. ನವೆಂಬರಿನಲ್ಲಿ ಹತ್ತು ವರ್ಷದ ಶಿಕ್ಷೆ. ಮೇಲ್ಮನವಿಯಲ್ಲಿ ಐವರು ನ್ಯಾಯಾಧೀಶರು ಎರಡಾಗಿ ಒಡೆದರು. ಮೂವರು, ಮುಗ್ಧರನ್ನು ಕೊಂದದ್ದಕ್ಕೆ ಜೀವಬೆದರಿಕೆ ಪೂರ್ಣ ರಕ್ಷಣೆಯಾಗದು, ಶಿಕ್ಷೆ ಇಳಿಸಲು ಕಾರಣವಾಗಬಹುದಷ್ಟೇ ಎಂದರು. ಇಟಲಿಯ ಆಂಟೋನಿಯೊ ಕಸೇಸೆ ಮತ್ತು ಆಸ್ಟ್ರೇಲಿಯಾದ ನಿನಿಯನ್ ಸ್ಟೀಫನ್ ಒಪ್ಪಲಿಲ್ಲ. ಕಸೇಸೆಯವರ ಭಿನ್ನಮತದ ತಿರುಳು: ಇವನು ಸತ್ತಿದ್ದರೂ ಆ ಬಸ್ಸುಗಳಿಂದ ಒಬ್ಬನೂ ಉಳಿಯುತ್ತಿರಲಿಲ್ಲ, ಹಾಗಿರುವಾಗ ಹುತಾತ್ಮನಾಗು ಎಂದು ಕಾನೂನು ಯಾರಿಗೂ ಆಜ್ಞೆ ಮಾಡಲಾಗದು. ತಪ್ಪೊಪ್ಪಿಗೆಯನ್ನು ಅವನು ಅರ್ಥಮಾಡಿಕೊಂಡು ಕೊಟ್ಟಿರಲಿಲ್ಲವೆಂದು ಪ್ರಕರಣ ಹಿಂದಕ್ಕೆ ಹೋಯಿತು. 1998ರ ಮಾರ್ಚ್‌ನಲ್ಲಿ ಶಿಕ್ಷೆ ಐದು ವರ್ಷಕ್ಕಿಳಿಯಿತು. ಅದೇ ವರ್ಷ ರೋಮ್‌ನಲ್ಲಿ ಸಿದ್ಧವಾದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಶಾಸನ ಕೊಲೆಗೂ ಈ ರಕ್ಷಣೆಯ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಸೋತ ಭಿನ್ನಮತವೇ ಅಷ್ಟರ ಮಟ್ಟಿಗೆ ಗೆದ್ದಿತು.

ಎರ್ದೆಮೊವಿಚ್ ಒಪ್ಪಿಕೊಂಡು ಮಾತಾಡಿದ. ನಮ್ಮ ಕೋರ್ಟುಗಳಲ್ಲಿ ಈ ವಾದ ಅಪರೂಪವಾಗಲು ಅದೇ ಕಾರಣವೆಂದು ನನ್ನ ಅನಿಸಿಕೆ. ಕೊರಳಿಗೆ ಕತ್ತಿ ಹಿಡಿದು ಮಾಡಿಸಿದರು ಎನ್ನಬೇಕಾದರೆ ಮೊದಲು ಮಾಡಿದೆ ಎನ್ನಬೇಕು. ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಒಂದೊಂದೇ ಸಾಕ್ಷಿಯ ಮಾತು ಓದಿ ಹೇಳಿ ಆರೋಪಿಯ ವಿವರಣೆ ಕೇಳುವ ಹಂತವಿದೆಯಲ್ಲ, ವಕೀಲರು ಇಂದಿಗೂ ಅಭ್ಯಾಸಬಲದಿಂದ ಹಳೆಯ ಕಲಮಿನ ಸಂಖ್ಯೆ ಹಿಡಿದು ತ್ರೀ-ಥರ್ಟೀನ್ ಎನ್ನುವುದು, ಅಲ್ಲಿ ಕಟಕಟೆಯಿಂದ ಸಾಮಾನ್ಯವಾಗಿ ಬರುವುದು ಎರಡೇ ಮಾತು: ಸುಳ್ಳು ಸ್ವಾಮಿ, ಗೊತ್ತಿಲ್ಲ ಸ್ವಾಮಿ. ನಾನು ಅಲ್ಲಿರಲೇ ಇಲ್ಲ ಎಂದವನು ಹೈಕೋರ್ಟಿನ ಮೇಲ್ಮನವಿಯಲ್ಲಿ ಇದ್ದೆ, ಆದರೆ ಹೆದರಿಸಿದ್ದರು ಎಂದರೆ ಯಾರು ನಂಬುತ್ತಾರೆ? ಹೈಕೋರ್ಟು ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗಬಲ್ಲದು, ನಿಜ. ಕಡತದಲ್ಲಿ ಬೀಳದ ಭಯವನ್ನು ತೂಗಲು ಅದಕ್ಕೂ ಆಗದು. ಸಾಬೀತಿನ ಹೊರೆ ಬೇರೆ ನಮ್ಮಲ್ಲಿ ಆರೋಪಿಯ ತಲೆ ಮೇಲೆ. ಸಂಶಯಾತೀತವಾಗಿ ಅಲ್ಲ, ಹೀಗಿದ್ದಿರುವ ಸಂಭವವೇ ಹೆಚ್ಚು ಎನ್ನುವಷ್ಟು. ಇಂಗ್ಲೆಂಡಿನಲ್ಲಿ ಆರೋಪಿ ವಿಷಯ ಎತ್ತಿದರೆ ಸಾಕು, ಸುಳ್ಳೆಂದು ತೋರಿಸುವ ಹೊಣೆ ಪ್ರಾಸಿಕ್ಯೂಷನ್‌ದು.

ಆ ಸಂಭವವನ್ನು ಯಾವುದರಿಂದ ತೋರಿಸುವುದು? ಬೆದರಿಸಿದವನು ರಸೀದಿ ಕೊಟ್ಟು ಹೋಗಿರುವುದಿಲ್ಲ. ಉಳಿಯುವುದು ನೆನಪು. 2004ರಲ್ಲಿ ಚಾರ್ಲ್ಸ್ ಮಾರ್ಗನ್ ಮತ್ತು ಸಂಗಡಿಗರು ಅಮೆರಿಕದ ಸೇನಾ ತರಬೇತಿ ಶಿಬಿರದಲ್ಲಿ ಐನೂರಕ್ಕೂ ಹೆಚ್ಚು ಸೈನಿಕರ ಮೇಲೆ ನಡೆಸಿದ ಅಧ್ಯಯನವೊಂದಿದೆ. ಅಣಕು ಸೆರೆಯಲ್ಲಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಖಕ್ಕೆ ಮುಖ ಕೊಟ್ಟು ಒರಟಾಗಿ ವಿಚಾರಿಸಿದವನನ್ನು ಒಂದು ದಿನದ ನಂತರ ಸಾಲಿನಲ್ಲಿ ನಿಲ್ಲಿಸಿದಾಗ ಸರಿಯಾಗಿ ಗುರುತಿಸಿದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಸೌಮ್ಯವಾಗಿ ವಿಚಾರಿಸಿದವನ ವಿಷಯದಲ್ಲಿ ಆ ಸಂಖ್ಯೆ ಸರಿಸುಮಾರು ಎರಡು ಪಟ್ಟು. ಇವರು ಸೈನಿಕರು, ಹಗಲಿನಂಥ ಬೆಳಕಿನಲ್ಲಿ ನೋಡಿದವರು. ಬೆದರಿದವನ ಹೇಳಿಕೆ ಎರಡನೇ ಸಲ ಬೇರೆಯಾದರೆ ಅಡ್ಡಸವಾಲಿನಲ್ಲಿ ಅದನ್ನು ಸುಳ್ಳಿನ ಗುರುತೆಂದು ಹಿಡಿಯುತ್ತಾರೆ. ನಿಜವಾಗಿ ಬೆದರಿದವನ ನೆನಪೂ ಹೀಗೆ ತೂತು ಬಿದ್ದಿರಬಹುದು ಎಂದು ಹೇಳಿದರೆ, ಅದು ಅವನ ಪರವಾದ ಪುರಾವೆಯೂ ಆಗುವುದಿಲ್ಲ. ವಿಜ್ಞಾನ ಇಲ್ಲಿ ಎರಡೂ ಕಡೆಯ ವಕೀಲರ ಕೈ ಖಾಲಿ ಮಾಡಿ ಸುಮ್ಮನಾಗುತ್ತದೆ.

ಈ ಪ್ರಶ್ನೆ ಈಗ ನಮ್ಮ ಬಾಗಿಲಿಗೇ ಬಂದಿದೆ. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್ ಗಡಿಯಿಂದ ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರು ವಾಪಸಾದರು. ಕೆಲಸವೆಂದು ನಂಬಿಸಿ ಕರೆದೊಯ್ದು, ಮ್ಯಾನ್ಮಾರಿನ ಗಡಿಯ ಬೇಲಿಕಟ್ಟಿದ ಕಟ್ಟಡಗಳಲ್ಲಿ ಕೂಡಿಹಾಕಿ, ಆನ್‌ಲೈನ್ ವಂಚನೆಗೆ ಕೂರಿಸುವ ಜಾಲಗಳಲ್ಲಿ ಸಿಕ್ಕವರು. ಅಂಥ ಜಾಗಗಳಿಂದ ಬಂದವರು ಹೇಳುವುದು ಪಾಸ್‌ಪೋರ್ಟ್ ಕಸಿದದ್ದು, ಹೊಡೆದದ್ದು, ಶಾಕ್ ಕೊಟ್ಟದ್ದು. ಇವರಲ್ಲೊಬ್ಬನ ಮೇಲೆ ಇಲ್ಲಿ ಮೊಕದ್ದಮೆಯಾದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಅವನು ಕಳಿಸಿದ ಸಂದೇಶಗಳು ಒಂದೂ ಬಿಡದೆ ಸರ್ವರಿನಲ್ಲಿವೆ, ಬೆನ್ನ ಹಿಂದೆ ನಿಂತ ದೊಣ್ಣೆ ಯಾವ ಸರ್ವರಿನಲ್ಲೂ ಇಲ್ಲ. ಇಂಗ್ಲೆಂಡಿನಲ್ಲಾದರೆ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೇ ಕಲಮು ಇದೆ: ಸಾವಿನ ಬೆದರಿಕೆಯೇ ಬೇಕೆಂದಿಲ್ಲ, ಗುಲಾಮಗಿರಿ ಅಥವಾ ಸಾಗಣೆಗೆ ಸಿಕ್ಕವನಿಗೆ ಬೇರೆ ವಾಸ್ತವವಾದ ದಾರಿ ಇರಲಿಲ್ಲವೆಂದರೆ ಸಾಕು, ಗಂಭೀರ ಅಪರಾಧಗಳ ಉದ್ದ ಪಟ್ಟಿಯೊಂದನ್ನು ಬಿಟ್ಟು. ನಮ್ಮವನ ವಕೀಲರು ಕಮ್ಮಾರನ ಬಳಿಗೇ ಬರಬೇಕು. ಬಂದರೆ ಕಮ್ಮಾರನ ಮೇಲಿನ ಸಾಲಿನಲ್ಲೇ, ಮೊದಲ ವಿವರಣೆಯಲ್ಲಿ, ಇನ್ನೊಬ್ಬ ನಿಂತಿರುತ್ತಾನೆ: ಸ್ವಂತ ಇಚ್ಛೆಯಿಂದಲೋ ಹೊಡೆಯುತ್ತೇವೆಂಬ ಬೆದರಿಕೆಗೆ ಹೆದರಿಯೋ ಡಕಾಯಿತರ ಗುಂಪು ಸೇರಿದವನು. ಅವನಿಗೆ ರಕ್ಷಣೆಯಿಲ್ಲ. ಆದರೆ ಅದೇ ವಾಕ್ಯದಲ್ಲಿ ಇನ್ನೊಂದು ತುಂಡಿದೆ, ಅವರ ಗುಣ ಎಂಥದೆಂದು ಗೊತ್ತಿದ್ದೂ ಸೇರಿದವನಿಗೆ ಎಂದು. ಡೇಟಾ ಎಂಟ್ರಿ ಕೆಲಸ, ಊಟ ವಸತಿ ಸೇರಿ ಇಂತಿಷ್ಟು ಸಂಬಳ ಎಂಬ ಜಾಹೀರಾತು ನೋಡಿ ವಿಮಾನ ಹತ್ತಿದವನಿಗೆ ಗುಣ ಗೊತ್ತಿತ್ತೇ? ವಕೀಲರು ತಮ್ಮ ವಾದವನ್ನು ಕಟ್ಟಬೇಕಾದದ್ದು ಆ ತುಂಡಿನ ಮೇಲೆ.